ನೀರಿಳಿಯುವ ಹೊತ್ತಿಗೆ ಅಳಿವೆಯತ್ತ

ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಕುಂದಾಪುರ ದಾಟಿ ಭಟ್ಕಳದ ಕಡೆ ಹೊರಟರೆ ಎಡಕ್ಕೆ ತಿರುಗುವ ಸಣ್ಣ ರಸ್ತೆಗಳು ಎಷ್ಟೋ ಸಿಗುತ್ತವೆ. ಹೆಚ್ಚಿನವಕ್ಕೆ ದೊಡ್ಡ ಫಲಕವಿಲ್ಲ. ಒಂದು ದೈವಸ್ಥಾನದ ಕಮಾನು, ಒಂದು ಶಾಲೆಯ ಬೋರ್ಡು, ಕೆಲವು ಕಡೆ ಗಾಳಿಯಲ್ಲಿ ತೇಲಿಬರುವ ಒಣಮೀನಿನ ವಾಸನೆ, ಇಷ್ಟೇ ಗುರುತು. ಅಂಥದೊಂದು ರಸ್ತೆಗೆ ಮಧ್ಯಾಹ್ನ ಮೂರರ ಸುಮಾರಿಗೆ ಕಾರು ತಿರುಗಿಸಿದೆವು. ಊರಿನ ಹೆಸರು ಇಲ್ಲಿ ಮುಖ್ಯವಲ್ಲ. ಒಂದು ಕಡೆ ಕಡಲು, ಇನ್ನೊಂದು ಕಡೆ ಹೊಳೆ, ನಡುವೆ ಮರಳಿನ ಪಟ್ಟಿ, ಅದರ ತುದಿಯಲ್ಲಿ ಅಳಿವೆ ಇರುವ ಊರುಗಳು ಈ ದಾರಿಯುದ್ದಕ್ಕೂ ಇವೆ.

ತಿರುಗುವುದು ಸುಲಭವಾಯಿತು, ಅದಕ್ಕೆ ಕಾರಣವಿದೆ. ನಾವು ಮಂಗಳೂರಿನಿಂದ ಕಾರವಾರದ ದಿಕ್ಕಿಗೆ, ತೆಂಕಿನಿಂದ ಬಡಗಿಗೆ ಹೊರಟವರು. ಹೀಗೆ ಹೋಗುವವರಿಗೆ ಕಡಲು ಯಾವಾಗಲೂ ಎಡಗಡೆ ಇರುತ್ತದೆ. ಹೆದ್ದಾರಿ ಈಗ ಬಹುಪಾಲು ನಾಲ್ಕು ಪಥ, ನಡುವೆ ವಿಭಜಕ. ಕಾರವಾರದ ಕಡೆಯಿಂದ ಬಂದಿದ್ದರೆ ಕಡಲತಡಿಯ ಪ್ರತಿ ಊರಿಗೂ ವಿಭಜಕದ ಸಂದು ಹುಡುಕಿ, ಎದುರಿನ ವೇಗದ ವಾಹನಗಳನ್ನು ದಾಟಿ ಬರಬೇಕು. ಪ್ರವಾಸದ ಯೋಜನೆ ಹಾಕುವಾಗ ಯಾರೂ ಇದನ್ನು ಹೇಳುವುದಿಲ್ಲ. ಮಕ್ಕಳನ್ನು ಕೂರಿಸಿಕೊಂಡು ಹೊರಟವರಿಗಂತೂ ಇದು ದೊಡ್ಡ ವಿಷಯ. ಸುತ್ತಿ ಬರುವ ದಾರಿ ಹಾಕುವುದಾದರೆ ಶಿರಾಡಿಯಲ್ಲೋ ಚಾರ್ಮಾಡಿಯಲ್ಲೋ ಇಳಿದು, ಬಡಗಿನ ಯಾವುದಾದರೂ ಘಟ್ಟದಲ್ಲಿ ಹತ್ತುವುದು ನನ್ನ ಲೆಕ್ಕದಲ್ಲಿ ಒಳ್ಳೆಯದು.

ಹೆದ್ದಾರಿಯ ಸದ್ದು ನೂರಿನ್ನೂರು ಗಜಕ್ಕೇ ಅಡಗಿತು. ಸಿಮೆಂಟು ರಸ್ತೆ ಒಂದು ಕಾರಿಗೆ ಸರಿಯಾಗುವಷ್ಟೇ ಅಗಲ. ಎರಡೂ ಕಡೆ ಕೆಂಪು ಮುರಕಲ್ಲಿನ ಪಾಗಾರ, ಒಳಗೆ ತೆಂಗಿನ ತೋಟ, ಹಂಚಿನ ಮನೆ, ಅಂಗಳದಲ್ಲಿ ತುಳಸಿಕಟ್ಟೆ. ಎದುರಿಗೆ ಮೀನಿನ ಪೆಟ್ಟಿಗೆ ಹೇರಿಕೊಂಡ ಟೆಂಪೋ ಬಂತು. ಯಾರು ಹಿಂದೆ ಸರಿಯಬೇಕು ಎಂಬ ಪ್ರಶ್ನೆಯೇ ಇಲ್ಲ, ಬಿಡುವಾಗಿರುವವರು ಸರಿಯಬೇಕು. ನಾವು ಒಂದು ಮನೆಯ ಗೇಟಿನ ಮುಂದೆ ಸರಿದು ನಿಂತೆವು.

ರಸ್ತೆ ಮುಗಿಯುವಲ್ಲಿ ಒಂದು ಗೂಡಂಗಡಿ, ಒಂದು ಸಣ್ಣ ಹೋಟೆಲು. ಗೋಳಿಬಜೆ ಆಗಷ್ಟೇ ಬಾಣಲೆಯಿಂದ ಇಳಿದಿತ್ತು. ಚಹಾ ಕುಡಿಯುತ್ತ, ನೀರು ಎಷ್ಟು ಹೊತ್ತಿಗೆ ಪೂರಾ ಇಳಿಯುತ್ತದೆ ಎಂದು ಕೇಳಿದೆ. ಹೋಟೆಲಿನವರು ಗಡಿಯಾರ ನೋಡಲಿಲ್ಲ. “ಇವತ್ ಹುಣ್ಮಿ ಅಲ್ದಾ? ಸೂರ್ಯ ಮುಳ್ಗುಕಾಪತ್ತಿಗೆ ಇಳಿದಿರತ್ತ್ ಕಾಣಿ” ಎಂದರು.

ನಾವು ಹುಣ್ಣಿಮೆಯನ್ನು ಆರಿಸಿಕೊಂಡದ್ದೂ ಅದಕ್ಕೇ. ಈ ಕರಾವಳಿಯಲ್ಲಿ ನೀರು ದಿನಕ್ಕೆ ಎರಡು ಸಲ ಏರುತ್ತದೆ, ಎರಡು ಸಲ ಇಳಿಯುತ್ತದೆ. ಆ ಹೊತ್ತು ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ನಡುಹಗಲ ಸುಮಾರಿಗೆ ನೀರು ತುಂಬಿ, ಸಂಜೆಗೆ ಇಳಿದಿರುತ್ತದೆ. ಏರಿಳಿತವೂ ಆಗ ದೊಡ್ಡದು. ಅಷ್ಟಮಿಯ ಸುಮಾರಿಗೆ ಬಂದರೆ ಲೆಕ್ಕ ತಿರುವು ಮುರುವು, ಸಂಜೆಯೇ ನೀರು ಮೇಲೆ ಬಂದಿರುತ್ತದೆ. ಕಿರಿದಾದ ಮರಳುದಂಡೆಗಳಲ್ಲಿ ಆಗ ಕಾಲಿಡಲು ಜಾಗ ಉಳಿಯದೆ, ತಡೆಗೋಡೆಯ ಕಲ್ಲಿನ ಮೇಲೆ ಕುಳಿತು ಹಿಂದಿರುಗಬೇಕಾಗುತ್ತದೆ. ರಜೆ ಯಾವಾಗ, ರೂಮು ಎಷ್ಟು ಎಂದು ನೋಡುವಾಗ ಗೋಡೆಯ ಕ್ಯಾಲೆಂಡರಿನಲ್ಲಿ ತಿಥಿಯನ್ನೂ ನೋಡಿಕೊಂಡರೆ ಕಡಲು ಬೇರೆಯೇ ಆಗಿ ಸಿಗುತ್ತದೆ. ಬೆಳದಿಂಗಳು ಅದರ ಮೇಲಿನ ಲಾಭ.

ಹೋಟೆಲಿನ ಹಿಂದೆಯೇ ಕಪ್ಪು ಬಂಡೆಗಳ ತಡೆಗೋಡೆ. ಮಳೆಗಾಲದ ಕಡಲ್ಕೊರೆತಕ್ಕೆ ತೋಟ, ಮನೆ ಹೋಗದಂತೆ ಸುರಿದ ಕಲ್ಲು. ಕೆಲವು ಬಂಡೆಗಳು ಜಾರಿ ಮರಳಿನಲ್ಲಿ ಅರ್ಧ ಹೂತಿದ್ದವು. ಗೋಡೆಯ ಬುಡದಲ್ಲಿ ಮರಳು ತೆಳ್ಳಗಾಗಿತ್ತು, ಗೋಡೆ ಮುಗಿದ ಮೇಲೆ ದಂಡೆ ಅಗಲವಾಯಿತು. ಗೋಡೆಯಿಂದಾಗಿ ಹೀಗಾಯಿತೋ, ಹೀಗಿದ್ದುದರಿಂದಲೇ ಗೋಡೆ ಬಂತೋ, ಒಂದು ಮಧ್ಯಾಹ್ನ ನೋಡಿ ಹೇಳುವ ಮಾತಲ್ಲ.

ಚಪ್ಪಲಿ ಕೈಯಲ್ಲಿ ಹಿಡಿದು ಬಡಗಿಗೆ ನಡೆದೆವು. ಮೇಲಿನ ಒಣ ಮರಳಿನಲ್ಲಿ ಆಡಿನ ಗೊರಸಿನಂಥ ಎಲೆಯ ಬಳ್ಳಿ ಹಬ್ಬಿತ್ತು, ಅಲ್ಲಲ್ಲಿ ನೇರಳೆ ಹೂ. ಅದರಾಚೆ ಗಾಳಿಮರದ ಸಾಲು. ಈ ಬಳ್ಳಿಯ ಮೇಲೆ ಜೀಪು ಹತ್ತಿಸಿದ ಗುರುತು ಒಂದು ಕಡೆ ಕಂಡಿತು, ನೋಡಿ ಬೇಸರವಾಯಿತು. ಮರಳನ್ನು ಹಿಡಿದಿಟ್ಟಿರುವುದೇ ಇದರ ಬೇರು. ಚಳಿಗಾಲದ ಕೊನೆಯ ತಿಂಗಳುಗಳಲ್ಲಿ ಕಡಲಾಮೆಗಳು ರಾತ್ರಿ ಮೇಲೆ ಬಂದು ಮೊಟ್ಟೆ ಇಡುವುದೂ ಕುಂದಾಪುರ, ಹೊನ್ನಾವರ ಸೀಮೆಯ ಇಂಥ ಮರಳಿನಲ್ಲೇ. ಗಾಡಿಯನ್ನು ಹೋಟೆಲಿನ ಹತ್ತಿರವೇ ಬಿಟ್ಟು ನಡೆದು ಬರುವುದು ಎಲ್ಲರಿಗೂ ಸಾಧ್ಯವಿರುವ ಉಪಕಾರ.

ಕಾಲು ಗಂಟೆ ನಡೆದ ಮೇಲೆ ಕೈರಂಪಣಿ ಎಳೆಯುವವರು ಕಂಡರು. ದೋಣಿಯೊಂದು ಬಲೆಯನ್ನು ಅರ್ಧಚಂದ್ರಾಕಾರವಾಗಿ ಬಿಟ್ಟು ಬಂದಿತ್ತು. ಬಲೆಯ ಎರಡು ತುದಿಯ ಹಗ್ಗಗಳನ್ನು ದಂಡೆಯ ಮೇಲೆ ಎರಡು ಸಾಲಿನವರು ಹಿಡಿದಿದ್ದರು, ನಡುವೆ ಒಳ್ಳೆಯ ದೂರ. ಎಳೆಯುವುದೆಂದರೆ ಕೈಯ ಕೆಲಸವೆಂದು ನಾನು ತಿಳಿದಿದ್ದೆ. ಹತ್ತಿರದಿಂದ ನೋಡಿದರೆ ಅದು ಹಿಮ್ಮಡಿಯ ಕೆಲಸ. ಹಗ್ಗಕ್ಕೆ ಮೈಭಾರ ಕೊಟ್ಟು, ಹಿಮ್ಮಡಿಯನ್ನು ಮರಳಿಗೆ ಊರಿ, ಹಿಂದೆ ಹಿಂದೆ ಹೆಜ್ಜೆ. ಸಾಲಿನ ಕೊನೆಯವರು ದಂಡೆಯ ಏರಿಗೆ ತಲುಪಿದೊಡನೆ ಹಗ್ಗ ಬಿಟ್ಟು, ನಡೆದುಹೋಗಿ ನೀರಿನಂಚಿನಲ್ಲಿ ಮತ್ತೆ ಹಿಡಿಯುತ್ತಾರೆ. ಹೀಗೆ ಸಾಲು ತಿರುಗುತ್ತಲೇ ಇರುತ್ತದೆ. ವಯಸ್ಸಾದ ಒಬ್ಬರು ಬಂದ ಹಗ್ಗವನ್ನು ಸುರುಳಿ ಸುತ್ತಿಡುತ್ತಿದ್ದರು, ಸುರುಳಿಯ ಒಂದೊಂದು ಸುತ್ತೂ ಕೆಳಗಿನದರ ಮೇಲೆ ಸರಿಯಾಗಿ ಕೂರುತ್ತಿತ್ತು. ಎರಡೂ ಸಾಲುಗಳು ನಿಧಾನಕ್ಕೆ ಹತ್ತಿರ ಹತ್ತಿರ ಬಂದವು. ಕೊನೆಗೆ ಬಲೆಯ ಚೀಲ ಆಳವಿಲ್ಲದ ನೀರಿಗೆ ಬಂದಾಗ ಮಾತು ಜೋರಾಯಿತು. ಸಿಕ್ಕಿದ್ದು ಹೆಚ್ಚೇನೂ ಅಲ್ಲ. ಬೈಗೆ, ಒಂದಿಷ್ಟು ಚಟ್ಲಿ, ಕೆಲವು ಏಡಿ, ಹೆಸರು ತಿಳಿಯದ ಬೆಳ್ಳಿಬಣ್ಣದ ಚಿಕ್ಕ ಮೀನುಗಳು. ಬುಟ್ಟಿ ಹಿಡಿದು ಕಾದಿದ್ದ ಹೆಂಗಸರು ಅಲ್ಲೇ ಆರಿಸತೊಡಗಿದರು.

ಕೈಜೋಡಿಸಬಹುದೇ ಎಂದು ಕೇಳಿದರೆ ಬೇಡವೆನ್ನುವವರು ಕಡಿಮೆ. ಆದರೆ ಕೇಳಬೇಕು. ಫೋಟೋ ತೆಗೆಯುವ ಮೊದಲೂ ಕೇಳಬೇಕು. ನಮಗೆ ರಜೆಯ ಸಂಜೆ, ಅವರಿಗೆ ಅದು ದುಡಿಮೆಯ ಹೊತ್ತು. ಅಂದಹಾಗೆ, ಮೀನಿನೂಟವನ್ನೇ ಮನಸ್ಸಿನಲ್ಲಿಟ್ಟುಕೊಂಡು ಬರುವವರು ಜೂನ್ ಮತ್ತು ಜುಲೈ ಬಿಟ್ಟು ಬರಲಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೆ ಪಶ್ಚಿಮ ಕರಾವಳಿಯಲ್ಲಿ ನಿಷೇಧವಿದೆ, ಆಗ ನಾಡದೋಣಿಯವರು ತಂದದ್ದಷ್ಟೇ ತಾಜಾ.

ಅಲ್ಲಿಂದ ಮುಂದೆ ನೀರು ತುಂಬ ಶಾಂತವಾಗಿ ಕಂಡ ಒಂದು ಜಾಗ ಬಂತು. ಎರಡೂ ಪಕ್ಕ ತೆರೆ ಒಡೆದು ಬಿಳಿ ನೊರೆ ಏಳುತ್ತಿತ್ತು, ನಡುವೆ ಮಾತ್ರ ನೊರೆಯಿಲ್ಲದ, ಸ್ವಲ್ಪ ಕದಡಿದ ಬಣ್ಣದ ಓಣಿ. ಈಜಲು ಇದೇ ಸರಿಯಾದ ಜಾಗವೆಂದು ಯಾರಿಗಾದರೂ ಅನ್ನಿಸುವಂತಿತ್ತು. ನಮ್ಮ ಜೊತೆಗಿದ್ದ ಹುಡುಗ ಆ ಕಡೆ ಹೆಜ್ಜೆ ಹಾಕಿದ್ದೇ ತಡ, ಹಗ್ಗ ಸುತ್ತುತ್ತಿದ್ದ ಹಿರಿಯರು ದೂರದಿಂದಲೇ ಕೂಗಿದರು: “ಹ್ವಾಯ್, ಅಲ್ ಇಳಿಬೇಡಿ, ನೀರ್ ಎಳಿತ್ತ್!”

ಕಡಲತಡಿಯ ಸಾವುಗಳಲ್ಲಿ ಹೆಚ್ಚಿನವಕ್ಕೆ ಹಿಂದಿರುವ ಮೋಸ ಇದೇ. ತೆರೆಗಳು ದಂಡೆಗೆ ತಂದು ಸುರಿದ ನೀರು ಎಲ್ಲೋ ಒಂದು ಕಡೆಯಿಂದ ವಾಪಸ್ಸು ಹೋಗಲೇಬೇಕು. ಮರಳಿನ ತಗ್ಗು ಸಿಕ್ಕಲ್ಲಿ ಅದು ಓಣಿ ಮಾಡಿಕೊಂಡು ರಭಸವಾಗಿ ಒಳಕ್ಕೆ ಹರಿಯುತ್ತದೆ, ಅಲ್ಲಿ ಆಳ ಹೆಚ್ಚಿರುವುದರಿಂದ ತೆರೆ ಒಡೆಯುವುದಿಲ್ಲ, ನೀರು ಶಾಂತವಾಗಿ ಕಾಣುತ್ತದೆ. ಸಿಕ್ಕಿಕೊಂಡವರು ದಂಡೆಯತ್ತ ನೇರವಾಗಿ ಈಜಲು ಹೆಣಗಿ ದಣಿಯುತ್ತಾರೆ. ಹೆದರದೆ ತೇಲುತ್ತ, ದಂಡೆಗೆ ಸಮಾನಾಂತರವಾಗಿ ಪಕ್ಕಕ್ಕೆ ಸರಿದರೆ ಸೆಳೆತದಿಂದ ಹೊರಬರಬಹುದು. ನೀರಿಗಿಳಿಯುವ ಮುಂಚೆ ಎತ್ತರದಲ್ಲಿ ನಿಂತು ಸ್ವಲ್ಪ ಹೊತ್ತು ತೆರೆಗಳನ್ನು ನೋಡುವುದನ್ನು ಮಕ್ಕಳಿಗೆ ಕಲಿಸಬೇಕು. ಜೀವರಕ್ಷಕರಿಲ್ಲದ ಕಡೆ ಮೊಣಕಾಲಿನ ನೀರೇ ಗಡಿ. ಇದರಲ್ಲಿ ರಾಜಿಯಿಲ್ಲ.

ಐದರ ಹೊತ್ತಿಗೆ ಒದ್ದೆ ಮರಳು ಬಹಳ ದೂರ ತೆರೆದುಕೊಂಡಿತ್ತು. ಕೂತು ನೋಡಿದರೆ ಅದರ ತುಂಬ ಸಾಸಿವೆಗಿಂತ ಸ್ವಲ್ಪ ದಪ್ಪದ ಮರಳುಂಡೆಗಳು, ಪುಟ್ಟ ತೂತೊಂದರ ಸುತ್ತ ಕಿರಣದಂತೆ ಸಾಲುಸಾಲಾಗಿ. ಉಗುರಿನಷ್ಟು ಪುಟ್ಟ ಏಡಿಯೊಂದು ಮರಳನ್ನು ಬಾಯಿಗೆ ತುಂಬಿ, ತಿನ್ನುವುದನ್ನು ಸೋಸಿಕೊಂಡು, ಉಳಿದದ್ದನ್ನು ಉಂಡೆ ಮಾಡಿ ಹಿಂದಕ್ಕೆ ತಳ್ಳುತ್ತಿತ್ತು. ನನ್ನ ನೆರಳು ಬಿದ್ದೊಡನೆ ತೂತಿನೊಳಗೆ ಮಾಯ. ಅಲುಗಾಡದೆ ಕೂತರೆ ಸ್ವಲ್ಪ ಹೊತ್ತಿಗೆ ಮತ್ತೆ ಬರುತ್ತದೆ. ಮೇಲುಗಡೆ ನೀರು ಮೊದಲು ಬಿಟ್ಟ ಮರಳಿನಲ್ಲಿ ಉಂಡೆಯ ಸಾಲುಗಳು ಉದ್ದವಾಗಿದ್ದವು, ಕೆಳಗೆ ಬಂದಂತೆ ಚಿಕ್ಕದಾಗಿದ್ದವು. ನೀರು ಎಲ್ಲಿಂದ ಯಾವಾಗ ಸರಿಯಿತು ಎಂಬುದನ್ನು ಅಲ್ಲೇ ಓದಬಹುದಿತ್ತು. ಒಂದೇ ದಿನದಲ್ಲಿ ಮಲ್ಪೆ, ಮರವಂತೆ, ಮುರುಡೇಶ್ವರ, ಗೋಕರ್ಣ ಎಂದು ಪಟ್ಟಿ ಹಿಡಿದು ಓಡುವವರಿಗೆ ಇದು ಸಿಗುವುದಿಲ್ಲ. ಮಂಗಳೂರಿನಿಂದ ಕಾರವಾರಕ್ಕೆ ಇರುವುದು ಸುಮಾರು 270 ಕಿಲೋಮೀಟರು, ಒಂದೇ ದಿನಕ್ಕೆ ಮುಗಿಸಿಬಿಡಬಹುದು. ಮುಗಿಸಬಾರದು ಎನ್ನುವುದೇ ನನ್ನ ಮಾತು. ತೆಂಕಿನಲ್ಲಿ ಒಂದು ಅಳಿವೆ, ಬಡಗಿನಲ್ಲಿ ಒಂದು ಅಳಿವೆ ಆರಿಸಿಕೊಂಡು, ಎರಡೆರಡು ರಾತ್ರಿ ಅಲ್ಲೇ ನಿಂತರೆ ನೀರಿನ ಒಂದು ಸುತ್ತನ್ನಾದರೂ ಪೂರ್ತಿ ನೋಡಿದಂತಾಗುತ್ತದೆ.

ಮರಳಿನ ಪಟ್ಟಿ ಸಪೂರಾಗುತ್ತ ಹೋಗಿ ಕೊನೆಗೆ ಅಳಿವೆ ಬಂತು. ಘಟ್ಟದಿಂದ ನೇರ ಪಡುವಣಕ್ಕೆ ಬಂದ ಹೊಳೆ ಕಡಲಿಗೆ ಕೂಗಳತೆಯಲ್ಲಿ ತಿರುಗಿ, ಮರಳಿನ ದಿಬ್ಬದ ಹಿಂದೆಯೇ ಹರಿದು ಇಲ್ಲಿ ದಾರಿ ಮಾಡಿಕೊಂಡಿದೆ. ಮರವಂತೆಯಲ್ಲಿ ಸೌಪರ್ಣಿಕೆ ಮಾಡುವುದೂ ಹೀಗೆಯೇ, ಹೆದ್ದಾರಿಯ ಒಂದು ಮಗ್ಗುಲಲ್ಲಿ ಅವಳು, ಇನ್ನೊಂದು ಮಗ್ಗುಲಲ್ಲಿ ಕಡಲು, ಆದರೂ ಕೂಡುವುದು ತೆಂಕಿಗೆ ಹೋಗಿ ಗಂಗೊಳ್ಳಿಯಲ್ಲಿ. ತೆರೆಗಳು ದಂಡೆಯುದ್ದಕ್ಕೂ ಮರಳನ್ನು ಹೊತ್ತು ತಂದು ಹೊಳೆಯ ಬಾಯಿಗೆ ಅಡ್ಡ ಹಾಕುತ್ತವೆ, ಹೊಳೆ ಮಳೆಗಾಲದ ಬಲದಲ್ಲಿ ಅದನ್ನು ಒಡೆಯುತ್ತದೆ. ಹಾಗಾಗಿ ಅಳಿವೆಯ ಬಾಯಿ ವರ್ಷವೂ ಒಂದೇ ಕಡೆ ಇರುವುದಿಲ್ಲ, ಹಳೆಯ ಫೋನಿನ ನಕ್ಷೆ ನಂಬಿ ನಡೆಯುವ ಜಾಗವಲ್ಲ.

ಇಳಿಯುವ ನೀರೆಲ್ಲ ಆ ಕಿರಿದಾದ ಬಾಯಿಯಿಂದಲೇ ಹೊರಗೆ ನುಗ್ಗುತ್ತಿತ್ತು. ಹೊಳೆಯ ಕಂದು ನೀರು ಕಡಲಿನೊಳಕ್ಕೆ ಬಹುದೂರ ಹೋಗಿ, ಹಸಿರಿನ ಜೊತೆ ಒಂದು ಅಂಕುಡೊಂಕಾದ ಗೆರೆಯಲ್ಲಿ ಸೇರಿತ್ತು. ಆ ಗೆರೆಯ ಮೇಲೆ ಕಡಲಕ್ಕಿಗಳ ಗುಂಪು. ಮರಳಿನ ತುದಿಯಲ್ಲಿ ಓಡಾಡುತ್ತಿದ್ದ ಚಿಕ್ಕ ಬೂದು ಹಕ್ಕಿಗಳು ಚಳಿಗಾಲದ ವಲಸೆಗಾರರಿರಬೇಕು, ಜಾತಿ ಹೇಳುವಷ್ಟು ಹತ್ತಿರ ಅವು ಬಿಡಲಿಲ್ಲ. ಒಳಗೆ ಬರಬೇಕಿದ್ದ ದೋಣಿಯೊಂದು ತೆರೆ ಒಡೆಯುವ ಜಾಗದ ಆಚೆಯೇ ಕಾದು ನಿಂತು, ಎರಡು ದೊಡ್ಡ ತೆರೆಗಳ ನಡುವಿನ ಬಿಡುವು ನೋಡಿ ಎಂಜಿನ್ನಿಗೆ ವೇಗ ಕೊಟ್ಟು ನುಗ್ಗಿ ಬಂತು. ನಾವು ಉಸಿರು ಬಿಗಿಹಿಡಿದು ನೋಡಿದೆವು. ಇಲ್ಲಿ ಮೊಣಕಾಲಿನ ನೀರಿಗೂ ಇಳಿಯಬಾರದು.

ಆರೂಕಾಲರ ಸುಮಾರಿಗೆ ಸೂರ್ಯ ಕಡಲಿಗಿಳಿದ. ಬೆನ್ನು ತಿರುಗಿಸಿದರೆ ಮೂಡಣದಲ್ಲಿ, ಕೊಡಚಾದ್ರಿ ಇರುವ ದಿಕ್ಕಿನ ಗುಡ್ಡಗಳ ಮೇಲೆ ಚಂದ್ರ ಆಗಲೇ ಬಂದಿದ್ದ. ಹುಣ್ಣಿಮೆಯಂದು ಮಾತ್ರ ಸಿಗುವ ಈ ಜೊತೆಗೆ ಅಳಿವೆಯ ತುದಿಯಷ್ಟು ಒಳ್ಳೆಯ ನಿಲುದಾಣ ನಾನು ಬೇರೆ ನೋಡಿಲ್ಲ.

ವಾಪಸ್ಸು ಹೊಳೆಯ ಬದಿಯಿಂದ ಬಂದೆವು. ಗಾಳಿ ಅಲ್ಲಿ ನಿಂತೇ ಹೋಗಿತ್ತು. ಕಾಂಡ್ಲ ಗಿಡಗಳ ಬೇರುಗಳ ನಡುವೆ ಕೆಸರು ತೆರೆದುಕೊಂಡಿತ್ತು. ಸೀರೆ ಎತ್ತಿಕಟ್ಟಿದ ಇಬ್ಬರು ಹೆಂಗಸರು ಬಾಗಿ ಚಿಪ್ಪು ಹೆಕ್ಕುತ್ತಿದ್ದರು, ಬೆಳಕು ಹೋಗುವ ಮುಂಚೆ ಮುಗಿಸುವ ಅವಸರದಲ್ಲಿ. ಒಂದು ಕಡೆ ಮುರಕಲ್ಲಿನ ಮೆಟ್ಟಿಲುಗಳು ಹೊಳೆಗೆ ಇಳಿದಿದ್ದವು. ಸೇತುವೆಗಳಿಲ್ಲದ ಕಾಲದ ಕಡವಿನ ಕಟ್ಟೆಯಿರಬಹುದು ಅನ್ನಿಸಿತು, ಕೇಳೋಣವೆಂದರೆ ಹತ್ತಿರದಲ್ಲಿ ಯಾರೂ ಇರಲಿಲ್ಲ.

ಉಳಿದುಕೊಂಡದ್ದು ತೋಟದ ನಡುವಿನ ಮನೆಯಲ್ಲಿ. ಇಂಥ ಮನೆಗಳಲ್ಲಿ ಊಟಕ್ಕೆ ಏನು ಬೇಕೆಂದು ಮಧ್ಯಾಹ್ನದೊಳಗೆ ಫೋನು ಮಾಡಿ ಹೇಳಬೇಕು, ಮೀನು ಬರುವುದು ದಂಡೆಯಿಂದ, ಫ್ರಿಜ್ಜಿನಿಂದಲ್ಲ. ಬಂಗುಡೆ ಸಾರು, ಕುಚ್ಚಲಕ್ಕಿ ಅನ್ನ ಬಡಿಸುತ್ತ ಮನೆಯಾಕೆ ನಾಳೆ ಯಾವ ಘಟ್ಟ ಎಂದು ಕೇಳಿದರು. ಈ ಭಾಗದಿಂದ ಹತ್ತಲು ಹೊಸಂಗಡಿಯ ಮೇಲೆ ಹುಲಿಕಲ್ ಘಾಟಿ ಇದೆ, ಕೊಲ್ಲೂರಿನ ಮೇಲೆ ನಾಗೋಡಿಯ ದಾರಿ ಇದೆ. ಇನ್ನೂ ಬಡಗಿಗೆ ಹೋದರೆ ಹೊನ್ನಾವರದಿಂದ ಗೇರುಸೊಪ್ಪೆ, ಕುಮಟಾದಿಂದ ದೇವಿಮನೆ, ಅಂಕೋಲೆಯಿಂದ ಅರಬೈಲು. ಮಳೆಗಾಲದಲ್ಲಿ ಯಾವುದು ತೆರೆದಿದೆ ಎಂದು ಹೊರಡುವ ದಿನವೇ ವಿಚಾರಿಸಬೇಕು. 2024ರ ಜುಲೈನಲ್ಲಿ ಅಂಕೋಲೆ ಬಳಿಯ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯಲ್ಲೇ ಜೀವಗಳು ಹೋದದ್ದನ್ನು ಇಲ್ಲಿ ಯಾರೂ ಮರೆತಿಲ್ಲ. ನಾವು ಕೊಲ್ಲೂರಿನ ದಾರಿ ಎಂದೆವು. “ಹಂಗಾರೆ ಬೆಳಿಗ್ಗೆ ಕಡ್ಲಿಗ್ ಹೋಯಿ ಬನ್ನಿ, ಉಂಡ್ಕಂಡ್ ಎರಡ್ ಗಂಟಿ ಒಳ್ಗ್ ಹೊರಡಿ” ಎಂದರು. ಮರುದಿನದ ಮೊದಲ ಇಳಿತ ಆರೂವರೆಯ ಸುಮಾರಿಗೆ. ಎರಡಕ್ಕೆ ಹೊರಟರೆ ಘಟ್ಟದ ಕಾಡುದಾರಿಯೂ ಬೆಳಕಿನಲ್ಲೇ ಮುಗಿಯುತ್ತದೆ.