ಹವಳದ ತೊಟ್ಟಿಗೆ ವಿಷ ಬರೋದು ಪಂಪ್‌ನಿಂದಲೂ ಇರಬಹುದು

ಹವಳದ ಅಕ್ವೇರಿಯಂ. ಮೀನುಗಳು ಆರಾಮಾಗಿ ಓಡಾಡ್ತಿವೆ. ಆದರೆ ಬಸವನಹುಳುಗಳು ಗಾಜಿನಿಂದ ಉದುರುತ್ತಿವೆ, ಸೀಗಡಿ ಸಾಯುತ್ತಿವೆ, ಹವಳ ಮುದುಡಿಕೊಂಡಿದೆ. ಎಲ್ಲರೂ ಉಪ್ಪು, ಉಷ್ಣಾಂಶ, ನೈಟ್ರೇಟ್ ಅಳೆಯೋಕೆ ಓಡ್ತಾರೆ. ನಾನು ಮೊದಲು ಕೇಳೋದು: ಆ ನೀರೊಳಗೆ ಲೋಹ ಎಲ್ಲೆಲ್ಲಿದೆ?

ಮೊದಲ ಅನುಮಾನ ತಾಮ್ರದ ಮೇಲೆ. ಮೀನಿನ ಬಿಳಿಚುಕ್ಕೆ ರೋಗಕ್ಕೆ ಲೀಟರಿಗೆ ಸುಮಾರು 0.2 ಮಿಲಿಗ್ರಾಂ ತಾಮ್ರವೇ ಔಷಧಿ. ಮೀನು ಅದನ್ನು ತಡೆದುಕೊಳ್ಳುತ್ತದೆ, ಬೆನ್ನೆಲುಬಿಲ್ಲದ ಜೀವಿಗಳಿಗೆ ಆಗಲ್ಲ. ತಮಾಷೆ ಅಂದ್ರೆ, ಸೀಗಡಿಯ ರಕ್ತ ಆಮ್ಲಜನಕ ಹೊರೋದೇ ತಾಮ್ರದಿಂದ!

ಔಷಧಿ ಹಾಕದಿದ್ದರೂ ತಾಮ್ರ ಬರೋದು ಹೇಗೆ? ಗಾಜು ಒರೆಸೋ ಬ್ರಷ್‌ನಲ್ಲಿ, ಹಲವು ಪಂಪ್‌ಗಳಲ್ಲಿ ಇರೋದು ನಿಯೋಡಿಮಿಯಂ ಆಯಸ್ಕಾಂತ. ಅದರಲ್ಲಿ ಹೆಚ್ಚಿನ ಪಾಲು ಕಬ್ಬಿಣ. ಮೇಲೆ ಸಾಮಾನ್ಯವಾಗಿ ನಿಕ್ಕಲ್-ತಾಮ್ರ-ನಿಕ್ಕಲ್ ಲೇಪ, ಅದರ ಮೇಲೆ ಪ್ಲಾಸ್ಟಿಕ್ ಇಲ್ಲವೇ ಎಪಾಕ್ಸಿ. ಕೂದಲೆಳೆಯಷ್ಟು ಬಿರುಕು ಬಿಟ್ಟರೆ ಸಾಕು, ಉಪ್ಪುನೀರು ಒಳಗೆ ಇಳಿಯುತ್ತದೆ. ಆಯಸ್ಕಾಂತ ತುಕ್ಕು ಹಿಡಿದು ಊದಿ, ಹೊದಿಕೆಯನ್ನೇ ಸೀಳುತ್ತದೆ.

'ಸ್ಟೇನ್‌ಲೆಸ್ ಇದೆಯಲ್ಲ' ಅನ್ನಬೇಡಿ. ಸ್ಟೇನ್‌ಲೆಸ್ ಸ್ಟೀಲನ್ನು ಕಾಯೋದು ಕ್ರೋಮಿಯಂ ಆಕ್ಸೈಡ್‌ನ ತೆಳು ಪದರ. ಸಮುದ್ರದ ನೀರಲ್ಲಿ ಲೀಟರಿಗೆ ಸುಮಾರು 19 ಗ್ರಾಂ ಕ್ಲೋರೈಡ್ ಇರುತ್ತದೆ, ಅದು ಈ ಪದರವನ್ನು ಅಲ್ಲಲ್ಲಿ ಚುಚ್ಚಿ ಕೊರೆಯುತ್ತದೆ. 304 ಗ್ರೇಡ್ ಬೇಗ ಸೋಲುತ್ತದೆ, ಮಾಲಿಬ್ಡಿನಂ ಬೆರೆತ 316 ಸ್ವಲ್ಪ ತಡವಾಗಿ. 'ಮರೀನ್ ಗ್ರೇಡ್' ಅನ್ನೋ ಹೆಸರು ದೋಣಿಯ ಕಂಬಿಗೆ ಸರಿ, ಹಗಲಿರುಳು ಮುಳುಗಿರೋ ಶಾಫ್ಟಿಗಲ್ಲ. ಅಲ್ಲಿಗೆ ಸೆರಾಮಿಕ್, ಹೀಟರಿಗೆ ಟೈಟಾನಿಯಂ ಇಲ್ಲವೇ ಗಾಜು, ನಲ್ಲಿ-ವಾಲ್ವ್‌ಗೆ ಹಿತ್ತಾಳೆ ಬದಲು ಪಿವಿಸಿ. ಹಿತ್ತಾಳೆ ಅಂದ್ರೆ ತಾಮ್ರ ಮತ್ತು ಸತು ತಾನೆ.

ದುಡ್ಡಿದ್ದವರ ಶೋಕಿ, ನಮಗ್ಯಾಕೆ ಅನ್ನಿಸಬಹುದು. ಆದರೆ ಗಟ್ಟಿ ಹವಳಕ್ಕೆ ಭಾರತದಲ್ಲಿ ಹುಲಿಯಷ್ಟೇ ರಕ್ಷಣೆ: 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಷೆಡ್ಯೂಲ್‌ನಲ್ಲಿ ಎರಡೂ ಇವೆ. ಹವಳವನ್ನು ಸಮುದ್ರದಿಂದ ಕಿತ್ತು ತಂದರೆ ಅಪರಾಧ. ಸಾರ್ವಜನಿಕ ಅಕ್ವೇರಿಯಂಗೆ ಅನುಮತಿ ಪಡೆದು ತಂದ ಜೀವಿಯಾದರೂ ಅದನ್ನು ಉಳಿಸೋ ಹೊಣೆ ಇದ್ದೇ ಇದೆ. ಪಂಪ್‌ನ ಡಬ್ಬದ ಮೇಲೆ ಮಾತ್ರ ವ್ಯಾಟ್ ಎಷ್ಟು, ಗಂಟೆಗೆ ಎಷ್ಟು ಲೀಟರ್ ಅಂತ ದೊಡ್ಡದಾಗಿ ಬರೆದಿರುತ್ತಾರೆ. ಒಳಗಿನ ಲೋಹ ಯಾವುದು ಅಂತ ಬರೆಯೋದು ಅಪರೂಪ. ಅದನ್ನು ಅಚ್ಚು ಹಾಕಿ ಅಂತ ಕೇಳೋದು ಅತಿಯಾಸೆಯೇನೂ ಅಲ್ಲ.

ತಾಮ್ರ ಈಗಾಗಲೇ ಸೇರಿದ್ದರೆ, ಮೊದಲು ತುಕ್ಕು ಹಿಡಿದ ಭಾಗ ಹೊರಗೆ ತೆಗೀರಿ. ಆಮೇಲೆ ನೀರು ಬದಲಿಸಿ, ಲೋಹ ಹೀರುವ ರೆಸಿನ್ ಹಾಕಿ. ತೊಟ್ಟಿಯ ಸುಣ್ಣದ ಕಲ್ಲುಗಳು ತಾಮ್ರವನ್ನು ಹಿಡಿದಿಟ್ಟುಕೊಂಡು ಮೆಲ್ಲಗೆ ಬಿಡುತ್ತವೆ. ಹಾಗಾಗಿ ಒಮ್ಮೆ ಪರೀಕ್ಷೆ ಸೊನ್ನೆ ತೋರಿಸಿತು ಅಂತ ಹೊಸ ಹವಳ ಇಳಿಸಬೇಡಿ. ಕೆಲವು ವಾರ ಬಿಟ್ಟು ಮತ್ತೆ ಅಳೆಯಿರಿ.