ಪ್ಲಾಸ್ಟಿಕ್ಕಿನ ಮೇಲೆ ಕನ್ನಡಿ

ಸಣ್ಣ ಕ್ಯಾಮೆರಾದ ಕಿಂಡಿಗೆ ಕಣ್ಣಿಟ್ಟವನಿಗೆ ಎದುರಿನ ದೃಶ್ಯವು ನೆಟ್ಟಗೆ ಕಾಣುವುದರಲ್ಲಿ ವಿಶೇಷವೇನೂ ತೋರದು. ಆದರೆ 1990ರ ದಶಕದಲ್ಲಿ ಹೆಚ್ಚಾಗಿ ಬಳಕೆಗೆ ಬಂದ ಜೂಮ್ ಕ್ಯಾಮೆರಾಗಳ ವ್ಯೂಫೈಂಡರಿನಲ್ಲಿ, ಮುಂದಿನ ಮಸೂರವು ಕಟ್ಟಿಕೊಡುವ ಬಿಂಬವು ತಲೆಕೆಳಗಾಗಿಯೂ ಎಡಬಲಗಳು ಅದಲುಬದಲಾಗಿಯೂ ಇರುವುದರಿಂದ, ಅದನ್ನು ಸರಿಪಡಿಸುವ ಸಲುವಾಗಿ ಬೆಳಕನ್ನು ಆ ಇಕ್ಕಟ್ಟಿನ ಪೆಟ್ಟಿಗೆಯೊಳಗೇ ನಾಲ್ಕು ಬಾರಿ ತಿರುಗಿಸಬೇಕಾಗುತ್ತದೆ. ಹಾಗೆ ತಿರುಗಿಸುವ ಪ್ರಿಸಂಗಳೂ ಕನ್ನಡಿಗಳೂ ಬಹುಮಟ್ಟಿಗೆ ಗಾಜಿನವಲ್ಲ. ಅಚ್ಚಿಗೆ ಹೊಯ್ದ ಪ್ಲಾಸ್ಟಿಕ್ಕಿನವು. ಗಾಜಿನ ಒಂದೊಂದು ಮುಖವನ್ನೂ ಬೇರೆಬೇರೆಯಾಗಿ ಉಜ್ಜಿ ಹೊಳಪಿಸಬೇಕಾದ ಕಡೆ, ಪ್ಲಾಸ್ಟಿಕ್ಕಿಗೆ ಒಂದು ಒಳ್ಳೆಯ ಅಚ್ಚನ್ನು ಮಾಡಿಕೊಂಡರೆ ಸಾಕು, ವಕ್ರವಾದ ಮುಖಗಳೂ ಕೂಡಿಸುವ ಕಿವಿಗಳೂ ಒಂದೇ ಎರಕದಲ್ಲಿ ಹೊರಬರುತ್ತವೆ. ಕಡಿಮೆ ಬೆಲೆಯ ಎಸ್‌ಎಲ್‌ಆರ್ ಕ್ಯಾಮೆರಾಗಳಲ್ಲಿ, ಉದಾಹರಣೆಗೆ 2003ರಲ್ಲಿ ಬಂದ ಕ್ಯಾನನ್ ಇಒಎಸ್ 300ಡಿಯಲ್ಲಿ, ಗಾಜಿನ ಘನ ಪ್ರಿಸಮ್ಮಿನ ಬದಲು ಕನ್ನಡಿಗಳ ಟೊಳ್ಳು ಗೂಡನ್ನೇ ಇಟ್ಟರು. ಅಲ್ಲಿ ಬೆಳಕು ಮೂರು ಸಲ ಪ್ರತಿಫಲಿಸಿ ಕಣ್ಣಿಗೆ ಸೇರುತ್ತದೆ.

ಮೊದಲು ಪರಿಭಾಷೆಯನ್ನು ಮುಗಿಸಿಬಿಡೋಣ. ಬೆಳಕು ಒಂದು ಮಾಧ್ಯಮದಲ್ಲಿ ಎಷ್ಟು ನಿಧಾನವಾಗುವುದೆಂಬುದನ್ನು ಹೇಳುವ ಸಂಖ್ಯೆಯು ವಕ್ರೀಭವನಾಂಕ: ಗಾಳಿಗೆ 1, ಅಕ್ರಿಲಿಕ್ಕಿಗೆ 1.49, ಪಾಲಿಕಾರ್ಬೊನೇಟಿಗೆ 1.58. ಮೇಲೆ ಬಿದ್ದ ಬೆಳಕಿನಲ್ಲಿ ಮರಳಿ ಬರುವ ಪಾಲು ಪ್ರತಿಫಲನಾಂಶ. ಬರಿಯ ಅಕ್ರಿಲಿಕ್ ಮುಖವು ನೇರವಾಗಿ ಬಿದ್ದ ಬೆಳಕಿನಲ್ಲಿ ಶೇಕಡಾ 4ರಷ್ಟನ್ನು ಮಾತ್ರ ಹಿಂದಿರುಗಿಸುವುದರಿಂದ ಅದರ ಮೇಲೆ ಲೋಹದ ಲೇಪ ಬೇಕು. ಅಲ್ಯೂಮಿನಿಯಂ ಕೊಡುವುದು ಸುಮಾರು 92, ಬೆಳ್ಳಿ ಕೊಡುವುದು 98. ಈ ಅಂತರವನ್ನು ಅಲ್ಪವೆಂದು ಎಣಿಸಕೂಡದು. ಮೂರು ಪ್ರತಿಫಲನಗಳಾದ ಮೇಲೆ 92ರ ಕನ್ನಡಿ ಉಳಿಸುವುದು 78 ಪಾಲನ್ನು. 98ರ ಕನ್ನಡಿ ಉಳಿಸುವುದು 94 ಪಾಲನ್ನು. ಮಬ್ಬು ಬೆಳಕಿನಲ್ಲಿ ಕಿಂಡಿಯೊಳಗೆ ಇಣುಕುವವನ ಕಣ್ಣಿಗೆ ಇದು ನಿಚ್ಚಳವಾಗಿ ಗೊತ್ತಾಗುತ್ತದೆ.

ಇಲ್ಲಿಯೇ ಕೇಳುವವರು ತಪ್ಪದೆ ಎಡವುತ್ತಾರೆ. ಲೋಹದ ಮೇಲೆ ಪಾರದರ್ಶಕ ಪದರಗಳನ್ನು ಹಚ್ಚಿ ಹೊಳಪನ್ನು ಹೆಚ್ಚಿಸಬಹುದೆಂದು ಹೇಳಿದ ಕೂಡಲೆ, ಹಾಗಾದರೆ ಹಚ್ಚಿದಷ್ಟೂ ಹೊಳಪು ಏರಬೇಕಲ್ಲವೇ ಎಂದು ಅವರು ತೀರ್ಮಾನಿಸಿಬಿಡುತ್ತಾರೆ. ಲೆಕ್ಕ ಹೇಳುವುದು ಬೇರೆಯನ್ನೇ. ಹಸಿರು ಬೆಳಕಿನ 550 ನ್ಯಾನೊಮೀಟರ್ ತರಂಗಾಂತರವನ್ನು ಆರಿಸಿಕೊಂಡು, ಅಲ್ಯೂಮಿನಿಯಮ್ಮಿನ ಮೇಲೆ, ಸಿಲಿಕಾದೊಳಗೆ ಕುಗ್ಗಿದ ಆ ತರಂಗದ ಕಾಲುಪಾಲು ದಪ್ಪದ, ಎಂದರೆ 94 ನ್ಯಾನೊಮೀಟರಿನ, ಸಿಲಿಕಾ ಪದರವೊಂದನ್ನು ಹಚ್ಚಿದರೆ ಪ್ರತಿಫಲನಾಂಶವು 92ರಿಂದ ಏರುವುದಿರಲಿ, 85ಕ್ಕೆ ಕುಸಿಯುತ್ತದೆ! ಅದರ ಮೇಲೆ ಹಾಗೆಯೇ ಕಾಲುಪಾಲು ದಪ್ಪದ, 60 ನ್ಯಾನೊಮೀಟರಿನ, ಟೈಟಾನಿಯಂ ಆಕ್ಸೈಡಿನ ಇನ್ನೊಂದು ಪದರ ಬಿದ್ದಾಗ ಅದೇ ಕನ್ನಡಿ 97ಕ್ಕೆ ನೆಗೆಯುತ್ತದೆ. ಅವೇ ಎರಡು ಪದರಗಳನ್ನು ಮೇಲುಕೆಳಗು ಮಾಡಿ ಟೈಟಾನಿಯಂ ಆಕ್ಸೈಡನ್ನು ಕೆಳಗೂ ಸಿಲಿಕಾವನ್ನು ಮೇಲೂ ಇಟ್ಟರೆ ಸಿಗುವುದು 83 ಮಾತ್ರ. ವಸ್ತುಗಳು ಅವೇ, ದಪ್ಪವೂ ಅದೇ, ಕ್ರಮವೊಂದೇ ಬೇರೆ.

ಕಾರಣವು ಅಲೆಗಳ ಹೆಜ್ಜೆಯಲ್ಲಿದೆ. ಕಡಿಮೆ ವಕ್ರೀಭವನಾಂಕದ ಮಾಧ್ಯಮದಿಂದ ಬಂದ ಬೆಳಕು ಹೆಚ್ಚು ಅಂಕದ ಮಾಧ್ಯಮಕ್ಕೆ ಬಡಿದು ಹಿಂದಿರುಗುವಾಗ ಅದರ ಅಲೆಯು ಅರ್ಧ ಹೆಜ್ಜೆ ತಪ್ಪುತ್ತದೆ; ಲೋಹಕ್ಕೆ ಬಡಿದಾಗಲೂ ಹೆಚ್ಚುಕಡಿಮೆ ಹಾಗೆಯೇ; ಹೆಚ್ಚಿನಿಂದ ಕಡಿಮೆಗೆ ಹೋಗುವ ಗಡಿಯಲ್ಲಿ ಮಾತ್ರ ಹೆಜ್ಜೆ ತಪ್ಪದು. ಕಾಲುಪಾಲು ದಪ್ಪದ ಪದರವನ್ನು ಹೋಗಿ ಬಂದು ದಾಟುವುದರಲ್ಲಿ ಇನ್ನೊಂದು ಅರ್ಧ ಹೆಜ್ಜೆ ಸಲ್ಲುತ್ತದೆ. ಈಗ ಸಿಲಿಕಾ ಒಂದೇ ಇರುವ ಕನ್ನಡಿಯನ್ನು ನೋಡಿ: ಅದರ ಮೇಲ್ಮೈಯಿಂದ ಮರಳಿದ ಅಲೆ ಅರ್ಧ ಹೆಜ್ಜೆಯಲ್ಲಿಯೂ, ಲೋಹದಿಂದ ಮರಳಿದ್ದು ಪೂರ್ಣ ಹೆಜ್ಜೆಯಲ್ಲಿಯೂ ಇರುವುದರಿಂದ ಒಂದು ಇನ್ನೊಂದನ್ನು ಅಳಿಸಲೆಳಸುತ್ತದೆ. ಮೇಲೆ ಸಿಲಿಕಾಕ್ಕಿಂತ ಹೆಚ್ಚು ಅಂಕದ ಟೈಟಾನಿಯಂ ಆಕ್ಸೈಡು ಬಂದೊಡನೆ, ಅದರ ಮೇಲ್ಮೈಯಿಂದ ಮರಳುವ ಅಲೆಗೆ ಅರ್ಧ, ಎರಡು ಪದರಗಳ ನಡುವಣ ಗಡಿಯಿಂದ ಮರಳುವುದಕ್ಕೆ ಅರ್ಧ, ಲೋಹದಿಂದ ಮರಳುವುದಕ್ಕೆ ಒಂದೂವರೆ. ಪೂರ್ಣ ಹೆಜ್ಜೆಯನ್ನು ಕಳೆದರೆ ಅದೂ ಅರ್ಧವೇ. ತೇರಿನ ಮಿಣಿ ಹಿಡಿದವರೆಲ್ಲರೂ ಒಂದೇ ಕೂಗಿಗೆ ಜಗ್ಗಿದಂತೆ ಮೂರೂ ಅಲೆಗಳು ಕೂಡಿಕೊಳ್ಳುತ್ತವೆ. ಈ ಎಣಿಕೆಯನ್ನು ಎಷ್ಟು ಸಲ ವಿವರಿಸಿದರೂ ನನಗೆ ಬೇಸರವಾಗಿಲ್ಲ. ಅರ್ಧ, ಒಂದು, ಒಂದೂವರೆ ಎಂಬ ಬಾಲಗಣಿತದಲ್ಲಿ ಇಷ್ಟು ದೊಡ್ಡ ವಿಷಯವು ಅಡಗಿರುವುದು ಸೋಜಿಗವಲ್ಲವೇ? ಬೆಳಕು ಓರೆಯಾಗಿ ಬಿದ್ದಾಗ ದಪ್ಪವನ್ನು ತಿದ್ದಬೇಕೆಂಬುದನ್ನು ಮಾತ್ರ ಮರೆಯಬಾರದು: 45 ಡಿಗ್ರಿಯ ಕನ್ನಡಿಯಲ್ಲಿ ಆ 94ರ ಸಿಲಿಕಾ ಪದರವು ಸುಮಾರು 108 ಆಗಬೇಕು.

ಮೇಲಿನದೆಲ್ಲವೂ ಗಾಳಿಯ ಕಡೆಯಿಂದ ಬೆಳಕು ಬೀಳುವ ಕನ್ನಡಿಯ ಮಾತು. ಪ್ರಿಸಮ್ಮಿನಲ್ಲಿ ಬೆಳಕು ಪ್ಲಾಸ್ಟಿಕ್ಕಿನ ಒಳಗಿನಿಂದಲೇ ಬಂದು ಲೋಹದ ಬೆನ್ನನ್ನು ಮುಟ್ಟುತ್ತದೆ. ಆಗ ವಿನ್ಯಾಸವೆಲ್ಲ ತಿರುವುಮುರುವಾಗುತ್ತದೆ. ಮೊದಲನೆಯದಾಗಿ, ಅಕ್ರಿಲಿಕ್ಕಿನ ಒಳಗಿನಿಂದ ನೋಡಿದ ಅಲ್ಯೂಮಿನಿಯಂ 92ರ ಬದಲು 89ನ್ನಷ್ಟೇ ಕೊಡುತ್ತದೆ, ಬೆಳ್ಳಿಯಾದರೋ 97ಕ್ಕಿಂತ ಕೆಳಗಿಳಿಯದು. ಆದಕಾರಣ ಪ್ರಿಸಂಗಳಿಗೆ ಬೆಳ್ಳಿಯ ಮೇಲೆ ಒಲವು ಹೆಚ್ಚು. ಎರಡನೆಯದಾಗಿ, ಬೆಳ್ಳಿಯು ಪ್ಲಾಸ್ಟಿಕ್ಕಿಗೆ ಚೆನ್ನಾಗಿ ಅಂಟದು. ಗಾಳಿಯ ಕಡೆಯ ಕನ್ನಡಿಯಾಗಿದ್ದರೆ ಅಡಿಯಲ್ಲಿ ಕ್ರೋಮಿಯಮ್ಮಿನ ತೆಳುಪದರವೊಂದನ್ನು ಹಚ್ಚಿ ಅಂಟಿಸಬಹುದಿತ್ತು. ಪ್ರಿಸಮ್ಮಿನಲ್ಲಿ ಹಾಗೆ ಮಾಡಿದರೆ ಬೆಳಕು ಮೊದಲು ಕಾಣುವುದು ಆ ಮಂಕು ಕ್ರೋಮಿಯಮ್ಮನ್ನೇ. ಆದುದರಿಂದ ಇಲ್ಲಿ ಅಂಟುವ ಪದರವು ಸಿಲಿಕಾ ಅಥವಾ ಅಲ್ಯೂಮಿನಾದಂಥ ಪಾರದರ್ಶಕ ವಸ್ತುವಾಗಿರತಕ್ಕದ್ದು. ಇದಕ್ಕೆ ಪ್ರತಿಯಾಗಿ ಲೋಹದ ಹೊರಮೈಗೆ ಬೆಳಕು ತಾಕುವುದೇ ಇಲ್ಲವಾದ್ದರಿಂದ, ಮನೆಯ ನಿಲುವುಗನ್ನಡಿಯ ಬೆನ್ನಿಗೆ ಹಚ್ಚುವ ತಾಮ್ರ ಮತ್ತು ಬಣ್ಣದ ಹಾಗೆ, ಅಲ್ಲಿ ಎಂಥ ದಪ್ಪನೆಯ ರಕ್ಷಣೆಯನ್ನಾದರೂ ಬಳಿಯಬಹುದು.

ಇನ್ನು ಕೆಲವು ಮುಖಗಳಿಗೆ ಲೇಪವೇ ಕೂಡದು. ಅಕ್ರಿಲಿಕ್ಕಿನ ಒಳಗಿನಿಂದ 42 ಡಿಗ್ರಿಗಿಂತ ಹೆಚ್ಚು ಓರೆಯಾಗಿ ಬಂದ ಬೆಳಕು ಮುಖವನ್ನು ದಾಟಲಾರದೆ ಪೂರ್ತಿಯಾಗಿ ಮರಳುವುದರಿಂದ, ಅಲ್ಲಿ ಬೆಳ್ಳಿ ಹಚ್ಚುವುದೆಂದರೆ ನೂರನ್ನು ಕೊಟ್ಟು 97ನ್ನು ಕೊಂಡಂತೆ. ಆ ಮುಖಕ್ಕೆ ಅಂಟು ತಾಕದಂತೆ ನೋಡಿಕೊಂಡರೆ ಸಾಕು.

ಇಷ್ಟೂ ಬೆಳಕಿನ ಗಣಿತವಾಯಿತು. ತೊಡಕುಗಳು ಪ್ಲಾಸ್ಟಿಕ್ಕಿನ ಸ್ವಭಾವದಿಂದ ಬರುವಂಥವು. 1935ರಲ್ಲಿ ಭೌತವಿಜ್ಞಾನಿ ಜಾನ್ ಸ್ಟ್ರಾಂಗ್ ಅವರು ಮೌಂಟ್ ವಿಲ್ಸನ್ ವೀಕ್ಷಣಾಲಯದ 100 ಅಂಗುಲದ ದೂರದರ್ಶಕದ ಕನ್ನಡಿಗೆ ನಿರ್ವಾತದಲ್ಲಿ ಅಲ್ಯೂಮಿನಿಯಂ ಹಚ್ಚಿದ ಕಾಲದಿಂದ ಬೆಳೆದುಬಂದ ಈ ವಿದ್ಯೆಯು ಗಾಜನ್ನೇ ನೆಚ್ಚಿಕೊಂಡಿತ್ತು. ಆಕ್ಸೈಡಿನ ಪದರಗಳು ಗಟ್ಟಿಯಾಗಿ ಕೂಡಲೆಂದು ಗಾಜನ್ನು 200–300 ಡಿಗ್ರಿ ಸೆಲ್ಸಿಯಸ್‌ವರೆಗೂ ಕಾಯಿಸಬಹುದು. ಅಕ್ರಿಲಿಕ್ಕಾದರೋ ಸುಮಾರು 105 ಡಿಗ್ರಿಗೇ ಮೆತ್ತಗಾಗುತ್ತದೆ. ಈ ಕೊರತೆಯನ್ನು ತುಂಬಲು, ಆವಿಯು ಬಂದು ಕೂಡುತ್ತಿರುವಾಗಲೇ ಅದನ್ನು ಅಯಾನುಗಳಿಂದ ಬಡಿದು ದಟ್ಟಗೊಳಿಸುವರು. ಆದರೆ ಆ ಅಯಾನುಗಳ ಜೊತೆಗೆ ಹೊಮ್ಮುವ ಅತಿನೇರಳೆ ಕಿರಣಗಳು ಅಕ್ರಿಲಿಕ್ಕಿನ ಮೇಲ್ಮೈಯನ್ನು ಕೆಡಿಸುವುದರಿಂದ ಅದಕ್ಕೂ ಮಿತಿಯುಂಟು.

ಇದಕ್ಕಿಂತಲೂ ಕಾಡುವುದು ಹಿಗ್ಗುವಿಕೆ. 10 ಮಿಲಿಮೀಟರ್ ಉದ್ದದ ಅಕ್ರಿಲಿಕ್ ಚೂರು 50 ಡಿಗ್ರಿ ಬಿಸಿಯೇರಿದರೆ ಸುಮಾರು 35 ಮೈಕ್ರೊಮೀಟರ್ ಹಿಗ್ಗುತ್ತದೆ. ಅದರ ಮೇಲಣ ಬೆಳ್ಳಿಯು ತಾನಾಗಿ ಹಿಗ್ಗಬಯಸುವುದು ಹತ್ತು ಮೈಕ್ರೊಮೀಟರಿನಷ್ಟು, ಸಿಲಿಕಾ ಒಂದರ ಕಾಲುಪಾಲು. ಬಿಸಿಲಿನಲ್ಲಿ ನಿಂತ ಕಾರಿನೊಳಗೆ ಕ್ಯಾಮೆರಾ ಮರೆತವರು ಈ ಜಗಳವನ್ನೇ ಹೂಡಿರುತ್ತಾರೆ: ಕಾದಾಗ ಎಳೆತಕ್ಕೆ ಸಿಕ್ಕಿ ಪದರವು ಬಿರಿಯಬಹುದು, ತಣಿದಾಗ ಅದುಮಿಕೊಂಡು ಸುಕ್ಕಾಗಿ ಮೇಲೇಳಬಹುದು. ಪದರಗಳ ಒಟ್ಟು ದಪ್ಪ ಹೆಚ್ಚಿದಷ್ಟೂ ಅಪಾಯವೂ ಹೆಚ್ಚು. ಆದ್ದರಿಂದಲೇ ಗಾಜಿನ ಮೇಲೆ ಧಾರಾಳವಾಗಿ ಇಪ್ಪತ್ತು ಮೂವತ್ತು ಪದರಗಳನ್ನು ಹೇರುವ ವಿನ್ಯಾಸಕನು ಪ್ಲಾಸ್ಟಿಕ್ಕಿನ ಮುಂದೆ ಜಿಪುಣನಾಗಿ, ಲೋಹ ಮತ್ತು ಎರಡು ನಾಲ್ಕು ಪದರಗಳಲ್ಲಿಯೇ ತೃಪ್ತನಾಗುತ್ತಾನೆ. ನನ್ನ ಮಟ್ಟಿಗೆ ಈ ಜಿಪುಣತನವೇ ಈ ವಿದ್ಯೆಯ ಸೊಗಸು.

ಕೊನೆಯದು ತೇವ. ಬೆಳ್ಳಿಗೆ ಗಂಧಕದ ಸೋಂಕು ತಗಲಿದರೆ ಕಪ್ಪಾಗುವುದನ್ನು ಎಲ್ಲರೂ ಬಲ್ಲರು, ಮೇಲಿನಿಂದ ಕಾಪಾಡಲು ಪದರವನ್ನೂ ಹಚ್ಚುವರು. ಆದರೆ ಶತ್ರುವು ಅಡಿಯಿಂದಲೂ ಬರುತ್ತಾನೆಂಬುದು ಹೊಸಬರಿಗೆ ಹೊಳೆಯುವುದಿಲ್ಲ. ಗಾಜು ನೀರನ್ನು ಒಳಬಿಡದು. ಅಕ್ರಿಲಿಕ್ಕಾದರೋ ಒಂದು ದಿನ ನೀರಿನಲ್ಲಿದ್ದರೆ ತನ್ನ ತೂಕದ ಸುಮಾರು ಶೇಕಡಾ 0.3ರಷ್ಟು ನೀರನ್ನು ಹೀರಿಕೊಂಡು ಬೆಳ್ಳಿಯ ಬೇರಿಗೇ ಮುಟ್ಟಿಸುತ್ತದೆ. ಸೈಕ್ಲೊ ಓಲಿಫಿನ್ ಎಂಬ ಪ್ಲಾಸ್ಟಿಕ್ಕು ಹೀರುವುದು 0.01ಕ್ಕಿಂತಲೂ ಕಡಿಮೆಯಾದ್ದರಿಂದ, ಬೆಲೆ ಹೆಚ್ಚಾದರೂ ಅದಕ್ಕೆ ಮನ್ನಣೆಯಿದೆ. ಹಚ್ಚಿದ ಲೇಪವನ್ನು 60 ಡಿಗ್ರಿ ಬಿಸಿ, ಶೇಕಡಾ 90ರ ತೇವದಲ್ಲಿ ದಿನಗಟ್ಟಲೆ ಇರಿಸಿ, ಆಮೇಲೆ ಅಂಟುಪಟ್ಟಿಯನ್ನು ಒತ್ತಿ ಸರ‍್ರನೆ ಕಿತ್ತು ಪರೀಕ್ಷಿಸುವುದು ವಾಡಿಕೆ. ಪಟ್ಟಿಯೊಡನೆ ಬೆಳ್ಳಿ ಬಂದರೆ ಎಲ್ಲವೂ ಮೊದಲಿನಿಂದ.

ಓದುಗರಲ್ಲಿ ಪಿಯುಸಿ ಗಣಿತ ಬಲ್ಲವರು ಇಲ್ಲಿಗೇ ನಿಲ್ಲಬಾರದೆಂದು ನನ್ನ ಬೇಡಿಕೆ. ತೆಳುಪದರಗಳ ಬಣ್ಣವು ನಮ್ಮೂರಿಗೆ ಅಪರಿಚಿತವಾದ ವಿಷಯವಲ್ಲ. 1930ರ ದಶಕದಲ್ಲಿ ಸಿ. ವಿ. ರಾಮನ್ ಅವರು ಬೆಂಗಳೂರಿನಲ್ಲಿದ್ದುಕೊಂಡೇ ಚಿಪ್ಪುಗಳ ಮಿರುಗುಬಣ್ಣಗಳನ್ನು ಕುರಿತು ಪ್ರಬಂಧಗಳನ್ನು ಬರೆದರು. ಅಲ್ಯೂಮಿನಿಯಮ್ಮಿನ ಅಂಕವನ್ನು 0.96 ಮತ್ತು 6.7 ಎಂಬ ಎರಡು ಭಾಗಗಳುಳ್ಳ ಸಮ್ಮಿಶ್ರ ಸಂಖ್ಯೆಯಾಗಿ ತೆಗೆದುಕೊಂಡು, ಕಾಲುಪಾಲು ದಪ್ಪದ ಪ್ರತಿ ಪದರಕ್ಕೂ ಅದರ ಅಂಕದ ವರ್ಗವನ್ನು ಕೆಳಗಿರುವುದರ ಅಂಕದಿಂದ ಭಾಗಿಸುತ್ತ ಮೇಲೇರಿದರೆ, ನಾನು ಹೇಳಿದ 92, 85, 97 ಮೂರೂ ಅರ್ಧ ಹಾಳೆಯಲ್ಲಿ ಸಿಕ್ಕುತ್ತವೆ, ಸಿಲಿಕಾಕ್ಕೆ 1.46, ಟೈಟಾನಿಯಂ ಆಕ್ಸೈಡಿಗೆ 2.3 ಇಟ್ಟುಕೊಳ್ಳಿ. ಕಣ್ಣಾರೆ ನೋಡಬಯಸುವವರು ಕೆಟ್ಟುಹೋದ ಹಳೆಯ ಕ್ಯಾಮೆರಾವೊಂದನ್ನು ಬಿಚ್ಚಿ ಪ್ರಿಸಮ್ಮಿನ ಯಾವ ಮುಖಕ್ಕೆ ಲೇಪವಿದೆ, ಯಾವುದನ್ನು ಬರಿದಾಗಿ ಬಿಟ್ಟಿದ್ದಾರೆಂದು ಗುರುತಿಸಬಹುದು. ಆದರೆ ಅದರ ಫ್ಲಾಶಿನ ಕೆಪಾಸಿಟರು ಬ್ಯಾಟರಿ ತೆಗೆದ ಮೇಲೂ ಸುಮಾರು 300 ವೋಲ್ಟನ್ನು ಬಹಳ ಹೊತ್ತು ಹಿಡಿದಿಟ್ಟುಕೊಂಡಿರಬಲ್ಲುದು. ಬಲ್ಲವರಿಂದ ಅದನ್ನು ಬರಿದುಮಾಡಿಸಿದ ಹೊರತು ಒಳಗೆ ಬೆರಳಿಡಬಾರದು.