ಸಕ್ಕರೆ ಒಂದು ರೂಪಾಯಿ, ಸ್ಟ್ರಿಪ್ ಇಪ್ಪತ್ತು

ಟೈಪ್ 1 ಮಧುಮೇಹ ಇರುವವರು ಓಡಲು, ಈಜಲು, ಶಟಲ್ ಆಡಲು ಹಿಂಜರಿಯುವುದು ಹೆಚ್ಚಾಗಿ ಶುಗರ್ ‘ಲೋ’ ಆದೀತೆಂಬ ಭಯದಿಂದ. ಆ ಭಯ ಸುಳ್ಳಲ್ಲ. ಉಳಿದವರಲ್ಲಿ ಓಟ ಶುರುವಾದೊಡನೆ ಮೇದೋಜ್ಜೀರಕ ಗ್ರಂಥಿ ಇನ್ಸುಲಿನ್ ಇಳಿಸುತ್ತದೆ. ಚುಚ್ಚಿಕೊಂಡ ಇನ್ಸುಲಿನ್ ಹಾಗೆ ಇಳಿಯುವುದಿಲ್ಲ, ಜೊತೆಗೆ ಸ್ನಾಯುಗಳೂ ಗ್ಲೂಕೋಸ್ ಎಳೆದುಕೊಳ್ಳುತ್ತವೆ.

ಶುಗರ್ (mg/dL ಲೆಕ್ಕದಲ್ಲಿ) 70ಕ್ಕಿಂತ ಕೆಳಗಿಳಿದರೆ ಲೋ. ಅದಕ್ಕೆ ಬೇಕಾದ ಮದ್ದು 15 ಗ್ರಾಂ ಗ್ಲೂಕೋಸ್ ಅಥವಾ ಸಕ್ಕರೆ, ಅಂದರೆ ಸುಮಾರು ಮೂರು ಚಮಚ, ನೀರಿನಲ್ಲಿ ಕದಡಿ. ಸಕ್ಕರೆ ಕೆ.ಜಿ.ಗೆ 45 ರೂ. ಎಂದಿಟ್ಟುಕೊಂಡರೆ ಇದರ ಬೆಲೆ 68 ಪೈಸೆ. ಚಾಕೊಲೇಟ್ ಬೇಡ, ಅದರ ಕೊಬ್ಬು ಸಕ್ಕರೆ ರಕ್ತಕ್ಕೆ ಸೇರುವುದನ್ನು ತಡಮಾಡುತ್ತದೆ. 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಬೇಕು. ಖರ್ಚು ಇರುವುದು ಅಲ್ಲಿ: ಒಂದು ಸ್ಟ್ರಿಪ್‌ಗೆ ಸುಮಾರು 20 ರೂ.

ಹೊರಡುವ ಮುನ್ನ ಎಷ್ಟಿರಬೇಕು? 2017ರಲ್ಲಿ ‘ಲ್ಯಾನ್ಸೆಟ್ ಡಯಾಬಿಟಿಸ್ ಅಂಡ್ ಎಂಡೋಕ್ರೈನಾಲಜಿ’ ಪತ್ರಿಕೆಯಲ್ಲಿ ತಜ್ಞರು ಒಮ್ಮತದಿಂದ ಲೆಕ್ಕ ಕೊಟ್ಟರು. 90ಕ್ಕಿಂತ ಕಡಿಮೆಯಿದ್ದರೆ 10–20 ಗ್ರಾಂ ಗ್ಲೂಕೋಸ್ ತೆಗೆದುಕೊಂಡು, ಏರುವವರೆಗೆ ಕಾಯಬೇಕು. 90ರಿಂದ 124 ಇದ್ದರೆ 10 ಗ್ರಾಂ ಸಾಕು. 126ರಿಂದ 180 ಇದ್ದರೆ ಹೊರಡಬಹುದು. ಕಾರಣವಿಲ್ಲದೆ 270 ದಾಟಿದ್ದರೆ ಕೀಟೋನ್ ನೋಡಲೇಬೇಕು. ರಕ್ತದಲ್ಲಿ ಅದು 1.5 mmol/L ಅಥವಾ ಹೆಚ್ಚಿದ್ದರೆ ವ್ಯಾಯಾಮ ಕೂಡದು. ಹಿಂದಿನ 24 ತಾಸಿನಲ್ಲಿ ಇನ್ನೊಬ್ಬರ ಸಹಾಯ ಬೇಕಾಗುವಷ್ಟು ತೀವ್ರವಾದ ಲೋ ಆಗಿದ್ದರೂ ಅಂದು ವಿಶ್ರಾಂತಿಯೇ.

ಇನ್ಸುಲಿನ್ ಲೆಕ್ಕವೂ ಆ ತಜ್ಞರ ಲೇಖನದಲ್ಲೇ ಇದೆ. ಊಟವಾದ ಸ್ವಲ್ಪ ಹೊತ್ತಿಗೇ ಅರ್ಧ ಗಂಟೆ ಮಧ್ಯಮ ಗತಿಯಲ್ಲಿ ಓಡುವುದಾದರೆ ಆ ಊಟದ ಡೋಸ್ ಅರ್ಧಕ್ಕಿಳಿಸಬಹುದು: 6 ಯೂನಿಟ್ ಬದಲು 3. ಇದನ್ನು ನಿಮ್ಮ ವೈದ್ಯರೊಂದಿಗೆ ಕೂತೇ ನಿಗದಿ ಮಾಡಿಕೊಳ್ಳಿ. ಡೋಸ್ ಇಳಿಸದಿದ್ದರೆ ಗಂಟೆಗೆ 30–60 ಗ್ರಾಂ ಕಾರ್ಬೋಹೈಡ್ರೇಟ್ ಬೇಕಾಗಬಹುದು. 45 ಗ್ರಾಂ ಸಕ್ಕರೆಗೆ ಎರಡೇ ರೂಪಾಯಿ. ಓಟದ ಕೊನೆಯಲ್ಲಿ 10 ಸೆಕೆಂಡು ಪೂರ್ಣ ಶಕ್ತಿಯಿಂದ ಓಡಿದರೆ, ಅದರ ಬೆನ್ನಿಗೇ ಆಗುವ ಕುಸಿತ ತಗ್ಗುತ್ತದೆ. ಇದಕ್ಕಂತೂ ಖರ್ಚೇ ಇಲ್ಲ.

ಟೈಪ್ 1 ಇದ್ದರೆ ಆಟ ಬಿಡಬೇಕೆಂದೇನಿಲ್ಲ. ಪಾಕಿಸ್ತಾನದ ವೇಗದ ಬೌಲರ್ ವಾಸಿಂ ಅಕ್ರಂಗೆ ಅದು ಪತ್ತೆಯಾದದ್ದು 1997ರಲ್ಲಿ. ಏಕದಿನ ಪಂದ್ಯಗಳಲ್ಲಿ ಅವರು 500 ವಿಕೆಟ್ ಮುಟ್ಟಿದ್ದು 2003ರಲ್ಲಿ.

ಈಗ ತಿಂಗಳ ಲೆಕ್ಕ. ಹೊರಡುವ ಮುನ್ನ, ನಡುವೆ, ಮುಗಿದ ಮೇಲೆ, ಮಲಗುವಾಗ: ದಿನಕ್ಕೆ 4 ಸ್ಟ್ರಿಪ್, 80 ರೂ. ವಾರಕ್ಕೆ ಐದು ದಿನದಂತೆ ನಾಲ್ಕು ವಾರಕ್ಕೆ 1,600 ರೂ. ಊಟಕ್ಕೆ ಮುಂಚಿನ ಪರೀಕ್ಷೆಗಳು ಇದರಲ್ಲಿಲ್ಲ. ಎಷ್ಟೋ ಮನೆಗಳಿಗೆ ಇದು ಭಾರ ಎಂಬುದು ನಿಜ. ಆದರೆ ಉಳಿಸಲೇಬೇಕಾದಾಗಲೂ ಹೊರಡುವ ಮುನ್ನಿನದನ್ನೂ ಮಲಗುವಾಗಿನದನ್ನೂ ಬಿಡಬಾರದು ಎನ್ನುತ್ತೇನೆ. ಸಂಜೆಯ ವ್ಯಾಯಾಮದ ಪರಿಣಾಮ ನಡುರಾತ್ರಿಯಲ್ಲೂ ಲೋ ತರಬಲ್ಲದು. ಅದೇ ಹೊತ್ತು, ಅದೇ ದೂರ, ಅದೇ ಊಟಕ್ಕೆ ಕೆಲವು ವಾರ ಅಂಕಿ ಬರೆದಿಟ್ಟು, ದೇಹದ ರೀತಿ ತಿಳಿದ ಮೇಲೆ ನಡುವಿನದನ್ನು ಬಿಡಬಹುದೇ ಎಂದು ವೈದ್ಯರನ್ನು ಕೇಳಿ. ಅವರು ಒಪ್ಪಿದರೆ ಖರ್ಚು 1,200 ರೂ.ಗೆ ಇಳಿಯುತ್ತದೆ.